ಆಫ್ ಮಾಡಿದ್ದು ಯಾರು?

ಹೊಳೆನರಸೀಪುರದಲ್ಲಿ ಪರಮೇಶನ ಸ್ಟುಡಿಯೋ ಎಲ್ಲಿ ಎಂದು ಕೇಳಿದರೆ ಯಾರಾದರೂ ಕೈತೋರಿಸುತ್ತಾರೆ. ಒಳಗೆ ಕೂತು ಮದುವೆ ವಿಡಿಯೋಗಳನ್ನು ಕತ್ತರಿಸಿ, ಜೋಡಿಸಿ, ಹಾಡು ಕೂಡಿಸಿ ಕೊಡುವವರು ಯಾರು ಎಂದು ಕೇಳಿ ನೋಡಿ. ‘ಅವ್ರ ಮನೇವ್ರು ಏನೋ ಮಾಡ್ತಾರಪ್ಪ’ ಅನ್ನುತ್ತಾರೆ. ಆ ‘ಏನೋ’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನೀಲಾಂಬಿಕೆಗೆ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಇನ್ನೇನಾದೀತು ಹೇಳಿ!

ಸಾಲಗಾಮೆಯ ಹೆಣ್ಣುಮಗಳು ಅವಳು. ಮದುವೆಗೆ ಮುಂಚೆಯೇ ಹಾಸನದಲ್ಲಿ ಆಲ್ಬಮ್ ಕೆಲಸ ಕಲಿತಿದ್ದಳು. ಗಂಡ ಪರಮೇಶ್ ಕ್ಯಾಮೆರಾ ಚೆನ್ನಾಗಿಯೇ ಹಿಡಿಯುತ್ತಾನೆ, ಅದನ್ನು ಅವಳೂ ಒಪ್ಪುತ್ತಾಳೆ. ಆದರೆ ಹಿಡಿದು ತಂದದ್ದನ್ನು ನೋಡುವಂತೆ ಮಾಡುವವಳು ಇವಳು. ಹಾಸನದ ಅಂಗಡಿಗಳನ್ನೆಲ್ಲ ಸುತ್ತಿ ಆ ಭಾರದ ವರ್ಕ್‌ಸ್ಟೇಷನ್ ಲ್ಯಾಪ್‌ಟಾಪನ್ನು ಸೆಕೆಂಡ್ ಹ್ಯಾಂಡಿನಲ್ಲಿ ಆರಿಸಿ ತಂದವಳೂ ಇವಳೇ. ಯಾವುದೋ ಕಂಪನಿಯ ಇಂಜಿನಿಯರುಗಳು ಬಳಸಿ ಬಿಟ್ಟ ಯಂತ್ರ, ಇಟ್ಟಿಗೆಯಷ್ಟು ದಪ್ಪ. ಎಂಥಾ ವಿಡಿಯೋ ಹಾಕಿದರೂ ಉಸ್ಸೆನ್ನುತ್ತಿರಲಿಲ್ಲ.

ಈ ಸಲದ ನವರಾತ್ರಿ ಹೊತ್ತಿಗೆ ಅದು ಉಸ್ಸೆನ್ನತೊಡಗಿತು. ವಿಡಿಯೋ ಓಡುತ್ತಾ ಓಡುತ್ತಾ ಗಕ್ಕನೆ ನಿಲ್ಲುವುದು, ಎಡಗಡೆಯಿಂದ ಟಕ್ ಟಕ್ ಎಂದು ಸದ್ದು. ನೀಲಾಂಬಿಕೆ ಮೊದಲು ಎಡಿಟಿಂಗ್ ಸಾಫ್ಟ್‌ವೇರನ್ನು ಬೈದು ಹೊಸದಾಗಿ ಹಾಕಿದಳು, ಆಮೇಲೆ ಹಿಂಬದಿ ಬಿಚ್ಚಿ ಧೂಳು ಊದಿದಳು, ಕೇಬಲ್ ಕಿತ್ತು ಮತ್ತೆ ಕೂರಿಸಿದಳು. ಕೊನೆಗೆ ಡಿಸ್ಕ್ ಪರೀಕ್ಷಿಸುವ ಪ್ರೋಗ್ರಾಮ್ ಹಾಕಿ ನೋಡಿದಾಗ ಗೊತ್ತಾಯಿತು: ಮದುವೆಗಳೆಲ್ಲ ತುಂಬಿದ್ದ ಹಳೇ ಹಾರ್ಡ್‌ಡಿಸ್ಕ್ ಸಾಯುತ್ತಿತ್ತು.

ಅದರಲ್ಲಿ ರಾಮನಾಥಪುರದ ಹೊಗೆಸೊಪ್ಪು ಬೆಳೆಗಾರ ಪುಟ್ಟರಾಜು ಅವರ ಮಗಳು ಧನುಶ್ರೀಯ ಶ್ರಾವಣದ ಮದುವೆಯಿತ್ತು. ಬೇರೆಲ್ಲೂ ಇರಲಿಲ್ಲ. ಮದುವೆ ಮುಗಿದ ಸಂಜೆಯೇ ಲ್ಯಾಪ್‌ಟಾಪಿಗೆ ಸುರಿದು ಕ್ಯಾಮೆರಾ ಕಾರ್ಡ್ ಖಾಲಿ ಮಾಡುವುದು ಪರಮೇಶನ ಚಾಳಿ. ನಾಳೆ ಬೇರೆ ಮದುವೆ ಇರುತ್ತದಲ್ಲ! ಎಷ್ಟು ಸಲ ಬೇಡವೆಂದರೂ ಕೇಳಿದವನಲ್ಲ.

ಆ ಯಂತ್ರದೊಳಗೆ ಎಸ್ಎಸ್‌ಡಿ ಎಂಬ ಬೆರಳುದ್ದದ ಹೊಸ ಬಗೆಯ ಡಿಸ್ಕ್ ಕೂರಿಸಲು ಒಂದು ಜಾಗ ಖಾಲಿಯಿತ್ತು. ಆಯುಧಪೂಜೆಯ ಬೆಳಿಗ್ಗೆ ಅವಳು ಹೊಸದನ್ನು ತಾನೇ ಕೂರಿಸಿ, ಹಳೆಯದರಿಂದ ಕಾಪಿಗೆ ಹಾಕಿದಳು. ಹಳೆಯದು ಏದುಸಿರು ಬಿಡುತ್ತಾ ಒಂದೊಂದೇ ಫೈಲನ್ನು ಬಿಟ್ಟುಕೊಡುತ್ತಿತ್ತು. ಪೂಜೆಗೆ ಮುಂಚೆ ಮನೆಗೆ ಹೋಗಿ ಮಿಂದು ಬರಬೇಕಿತ್ತು.

“ರೀ, ಇದ್ನ ಮುಟ್ಬೇಡಿ. ಈಗ ಆಫ್ ಆದ್ರೆ ಮತ್ತೆ ಎದ್ದೇಳಲ್ಲ. ಕೇಳಿಸ್ತಾ?”

“ಊಂ ಕಣೆ, ನಾನೇನ್ ಕಿವುಡನಾ?”

ಮಿಂದು, ಹೂವು ಹಿಡಿದು ಬಂದು ನೋಡುತ್ತಾಳೆ: ಲ್ಯಾಪ್‌ಟಾಪ್ ಮುಚ್ಚಿದೆ. ಮುಚ್ಚಳದ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೊಂದು ನಿಂಬೆಹಣ್ಣು. ಪಕ್ಕದಲ್ಲಿ ಕ್ಯಾಮೆರಾಗಳು ಚೆಂಡುಹೂವು ಮುಡಿದು ಸಾಲಾಗಿ ಕೂತಿವೆ. ಪರಮೇಶ್ ಊದುಬತ್ತಿ ಹಚ್ಚುತ್ತಿದ್ದಾನೆ.

“ಆಫ್ ಮಾಡಿದ್ರಾ?”

“ಇನ್ನೇನ್ ಮತ್ತೆ? ಓಡೋ ಮಿಷನ್ನಿಗೆ ಯಾರಾದ್ರೂ ಪೂಜೆ ಮಾಡ್ತಾರಾ? ಇವತ್ತು ಆಯುಧ ಎಲ್ಲ ಸುಮ್ನಿರ್ಬೇಕು ಕಣೆ. ನಾಳೀಕೆ ಕಾಪಿ ಮಾಡ್ಕೊ.”

ಅವಳ ಕೈಯಲ್ಲಿದ್ದ ಹೂವು ನೆಲಕ್ಕೆ ಬಿತ್ತು. “ಬುದ್ಧಿ ಐತೇನ್ರೀ ನಿಮ್ಗೆ? ಬಾಯ್ಬಿಟ್ಟು ಹೇಳಿ ಹೋಗಿದ್ದೆ! ಗೋಡೆಗೆ ಹೇಳಿದ್ರೂ ಕೇಳಿಸ್ಕೊಳ್ತಿತ್ತು!” ಬೀದಿಯವರು ಇಣುಕಿದರು. ಇಣುಕಲಿ!

ವಿಭೂತಿ ಒರೆಸಿ ಆನ್ ಮಾಡಿದರೆ ಬರೀ ಟಕ್ ಟಕ್. ಹಳೇ ಡಿಸ್ಕಿನ ಹೆಸರೇ ಪರದೆಯ ಮೇಲಿಲ್ಲ. ಹೊಸದರೊಳಗೆ ಆರತಕ್ಷತೆಯಿತ್ತು, ಊಟದ ಸಾಲಿತ್ತು, ಎಲೆ ಮುಂದೆ ಕೂತ ನೆಂಟರಿಷ್ಟರೆಲ್ಲ ಇದ್ದರು. ಧಾರೆ ಮಾತ್ರ ಇರಲಿಲ್ಲ. ಅವಳು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು.

“ಹಬ್ಬದ ದಿನ ಅದ್ನ ಹಿಡೀಬಾರ್ದು ಕಣೆ.”

“ಹಬ್ಬದ ದಿನ ಹೆಂಡ್ತಿ ಕೆಲ್ಸ ಹಾಳ್ ಮಾಡ್ಬೋದಾ?”

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಪುಟ್ಟರಾಜು. ವಿಡಿಯೋ ಯಾವಾಗ ಸಿಗುತ್ತದೆಂದು ಕೇಳಲು ಮಾಡಿದ್ದರು. ಪರಮೇಶ್ ಹೊರಗೆ ಹೋಗಿ ಬಾಗಿಲ ಬಳಿ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಹೇಳಿದ: “ಏನ್ ಹೇಳ್ಲಣ್ಣ, ನಮ್ಮನೇವ್ಳು ಬಿಚ್ಚಕ್ಕೋಗಿ ಏನೋ ಮಾಡ್ಬುಟ್ಟವ್ಳೆ. ಧಾರೆ ಒಂಟೋಗದೆ. ನಾನು ಬ್ಯಾಡ ಅಂದೆ, ಕೇಳ್ಲಿಲ್ಲ.”

ನೀಲಾಂಬಿಕೆಗೆ ಎದ್ದು ಹೋಗಿ ಆ ಫೋನು ಕಿತ್ತುಕೊಂಡು ಚರಂಡಿಗೆ ಎಸೆಯೋಣವೆನ್ನಿಸಿತು. ಎಸೆದರೆ ಧಾರೆ ಬರುತ್ತದೆಯೇ? ಈ ತಾಲ್ಲೂಕಿನಲ್ಲಿ ಇಂಥ ಮಾತು ಒಂದು ಛತ್ರದಿಂದ ಇನ್ನೊಂದು ಛತ್ರಕ್ಕೆ ಓಡಾಡುತ್ತದೆ. ನಾಳೆಯಿಂದ ಅವಳು ಮದುವೆ ಹಾಳುಮಾಡಿದವಳು. ಹಲ್ಲು ಕಚ್ಚಿ ಕೂತಳು. ಡಿಸ್ಕನ್ನು ಹೊರಗೆ ತೆಗೆದು, ಬಿಸಿ ಆರಲೆಂದು ಫ್ಯಾನಿನ ಕೆಳಗಿಟ್ಟಳು. ಅದರ ತಾಮ್ರದ ಹಲ್ಲುಗಳನ್ನು ಒರೆಸಿ, ಬೇರೆ ಕೇಬಲ್ಲಿಗೆ ಚುಚ್ಚಿ ನೋಡಿದಳು. ಮಲಗಿಸಿ, ನಿಲ್ಲಿಸಿ ನೋಡಿದಳು. ಸಂಜೆಯವರೆಗೂ ಟಕ್ ಟಕ್ಕೇ. ಗಂಡ ಕಾಫಿ ತಂದಿಟ್ಟ. ಕುಡಿಯಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಸ್ಟುಡಿಯೋ ತೆರೆದವಳೇ, ತಣ್ಣಗಾಗಿದ್ದ ಡಿಸ್ಕನ್ನು ಬೋರಲು ಮಲಗಿಸಿ ಕೇಬಲ್ ಹಾಕಿದಳು. ಟಕ್ ಅನ್ನಲಿಲ್ಲ. ಗುಂಯ್ ಅಂದಿತು. ಪರದೆಯ ಮೇಲೆ ಹೆಸರು ಮೂಡಿತು! ಈಗ ಎಲ್ಲವನ್ನೂ ಬಾಚಲು ಹೋಗಲಿಲ್ಲ. ನೇರವಾಗಿ ಧಾರೆಯ ಫೈಲಿಗೇ ಕೈಹಾಕಿದಳು. ಅದು ಹೊಸದರೊಳಗೆ ಪೂರ್ತಿ ಬಂದು, ತೆರೆದು, ಓಡಿತು. ಮುಂದಿನ ಫೈಲಿಗೆ ಹೋಗುವಷ್ಟರಲ್ಲಿ ಹಳೆಯದು ಕಿರ್ ಎಂದು ಸತ್ತಿತು. ಸಾಯಲಿ ಬಿಡು. ಅವಳು ಮೇಜಿಗೆ ತಲೆಯಿಟ್ಟು ಅತ್ತಳು, ಅಳುತ್ತಲೇ ಗಂಡನನ್ನು ಬೈದಳು.

ಹೊತ್ತೇರುವುದರೊಳಗೆ ರಾಮನಾಥಪುರದವರು ಕಾರಿನಲ್ಲಿ ಬಂದಿಳಿದರು. ಪುಟ್ಟರಾಜು, ಹೆಂಡತಿ ಮಾಯಮ್ಮ, ಹಿಂದೆ ಧನುಶ್ರೀ. ಮಾಯಮ್ಮ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು.

“ಏನಮ್ಮ ತಾಯಿ, ತಿಳೀದ ಮ್ಯಾಲೆ ಯಾಕ್ ಬಿಚ್ಚಕ್ಕೋದೆ? ಧಾರೆ ಇನ್ನೊಂದ್ ಸಲ ಎರೆಯಕ್ಕಾಯ್ತದಾ? ನಿನ್ ಗಂಡ ಬ್ಯಾಡ ಅಂದ್ರೂ ಕೇಳ್ಲಿಲ್ವಂತೆ!”

ನೀಲಾಂಬಿಕೆ ಪರದೆಯನ್ನು ಅವರ ಕಡೆ ತಿರುಗಿಸಿದಳು. ಓಲಗ ಮೊಳಗಿತು. ಮಂಟಪ, ಮಗಳ ಬೊಗಸೆ, ತೆಂಗಿನಕಾಯಿ. ಮಾಯಮ್ಮ ಪರದೆಯತ್ತ ಬಾಗಿದರು. ಧನುಶ್ರೀ ಮುಂದೆ ಬಂದು ಅಮ್ಮನ ಭುಜ ಹಿಡಿದುಕೊಂಡಳು.

ಪುಟ್ಟರಾಜು ಕಣ್ಣೊರೆಸಿಕೊಂಡು ಬಾಗಿಲಲ್ಲಿ ನಿಂತಿದ್ದ ಪರಮೇಶನ ಎರಡೂ ಕೈ ಹಿಡಿದರು. “ನೀವ್ ಉಳಿಸ್ಕೊಟ್ರಿ ಕಣ್ರಣ್ಣ. ನಿಮ್ ಉಪಕಾರ ಮರೆಯಕ್ಕಿಲ್ಲ.”

“ಅಯ್ಯೋ ಬುಡಿ ಅಣ್ಣ, ನಮ್ ಕೆಲ್ಸ ಅಲ್ವಾ,” ಅಂದ ಪರಮೇಶ್. ಅಂದು ನಕ್ಕ ಬೇರೆ.

ಪರದೆಯ ಮೇಲೆ ಹಾಲಿನ ಗಿಂಡಿ ಬಾಗುತ್ತಿದ್ದಂತೆ ಚಿತ್ರವೂ ಓಲಗವೂ ನಿಂತವು.

“ಯಾಕಮ್ಮ, ಮತ್ತೆ ಕೆಟ್ಟೋಯ್ತಾ?” ಎಂದರು ಮಾಯಮ್ಮ, ಗಾಬರಿಯಿಂದ.

“ಕೆಟ್ಟಿಲ್ಲ. ನಾನೇ ನಿಲ್ಸಿದ್ದೀನಿ. ಕಾಪಿ ಆಗ್ತಿದ್ದ ಮಿಷನ್ನ ಆಫ್ ಮಾಡಿದ್ದು ಯಾರು ಅಂತ ಇವ್ರು ಹೇಳ್ಲಿ. ಆಮೇಲೆ ಓಡ್ಸ್ತೀನಿ.”

“ಆಮೇಲ್ ಮಾತಾಡಾಣ ಇರೇ,” ಪರಮೇಶ್ ಹಲ್ಲು ಕಿರಿದ.

“ಈಗ.”

ಪುಟ್ಟರಾಜು ಅವನ ಕೈ ಬಿಟ್ಟರು. ಪರಮೇಶ್ ನೆಲ ನೋಡುತ್ತಾ ಗೊಣಗಿದ: “ನಾನೇ ಕಣಣ್ಣ, ಪೂಜೆಗೇಂತ. ಅವ್ಳು ಬ್ಯಾಡ ಅಂದಿದ್ಲು. ಧಾರೆ ವಾಪಸ್ ತಂದೋಳೂ ಅವ್ಳೇಯ.”

“ಜೋರಾಗಿ ಹೇಳ್ರೀ,” ಎಂದಳು ನೀಲಾಂಬಿಕೆ. “ನಿನ್ನೆ ಫೋನಲ್ಲಿ ಹೇಳಿದ್ರಲ್ಲ, ಅಷ್ಟೇ ಜೋರಾಗಿ.”

ಅವನು ಜೋರಾಗಿಯೇ ಹೇಳಿದ. ಅವಳು ವಿಡಿಯೋ ಮುಂದಕ್ಕೆ ಬಿಟ್ಟಳು. ಸಿಟ್ಟು ಮಾತ್ರ ಇಳಿದಿರಲಿಲ್ಲ.