ಗ್ರಾಫಿಕ್ಸ್ ಕಾರ್ಡಿನ ಮೇಲೆ ಬಂದ ಅಪವಾದ

ನನ್ನ ಗಂಡ ಹಗಲೆಲ್ಲ ಎಸ್ಟೇಟಿನ ಜೀಪು ಓಡಿಸಿ, ಸೊಂಟ ಹಿಡಿದುಕೊಂಡು ಮನೆಗೆ ಬರುತ್ತಾರೆ. ಬಂದು ಕಾಫಿ ಕುಡಿದು ಕಂಪ್ಯೂಟರಿನಲ್ಲಿ ಲಾರಿ ಓಡಿಸುತ್ತಾರೆ. ನಮ್ಮ ಮಾದಾಪುರದ ರಸ್ತೆಯ ಗುಂಡಿಗಳು ಸಾಲದೆಂದು, ಯಾವುದೋ ದೇಶದ ಹೆದ್ದಾರಿಯಲ್ಲಿ ಸೇಬು ಸಾಗಿಸುವ ಆಟ ಅದು. ನನ್ನ ಕಸುಬು ಬೇರೆ. ಮೈಸೂರಿನ ಸಣ್ಣ ಸಂಸ್ಥೆಯೊಂದಕ್ಕೆ ಪುಸ್ತಕಗಳನ್ನು ಓದಿ, ರೆಕಾರ್ಡ್ ಮಾಡಿ ಕಳಿಸುತ್ತೇನೆ. ಹಳೆಯ ಲ್ಯಾಪ್‌ಟಾಪು ಕೈಕೊಟ್ಟ ಮೇಲೆ ಇಬ್ಬರಿಗೂ ಸೇರಿ ಒಂದೇ ಕಂಪ್ಯೂಟರು, ಅದೂ ಬಿಡಿಭಾಗ ತಂದು ನಾವೇ ಜೋಡಿಸುವುದು ಎಂದಾಯಿತು. ಆ ವರ್ಷದ ಕರಿಮೆಣಸಿನ ದುಡ್ಡಿನಲ್ಲೇ ಎಲ್ಲ ಮುಗಿಯಬೇಕು ಎನ್ನುವುದು ಅತ್ತೆಯ ಆಜ್ಞೆ.

ಆಟದ ಚಿತ್ರ ಸರಾಗವಾಗಿ ಓಡಲು ಗಂಡನಿಗೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕು, ನನಗೆ ಸದ್ದಿಲ್ಲದ ಯಂತ್ರ ಬೇಕು. ದೊಡ್ಡ ಕಾರ್ಡು ಬಿಸಿಯಾಗುತ್ತದೆ, ಬಿಸಿಯಾದರೆ ಫ್ಯಾನು ಕಿರುಚುತ್ತದೆ, ಆ ಕಿರುಚಾಟವನ್ನೂ ನನ್ನ ಮೈಕು ಹಿಡಿಯುತ್ತದೆ. ಒಂದು ಮಳೆಗಾಲ ಪೂರ್ತಿ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಬೇರೆ ಮಾತೇ ಇರಲಿಲ್ಲ.

"ನಿಂಗೆ ರ‍್ಯಾಮ್ ಡಬಲ್ ಹಾಕ್ಸ್ತೀನಿ. ಕಾರ್ಡಿನ ತಂಟೆಗ್ ಬರ್ಬೇಡ ಮಾರಾಯ್ತಿ."

"ಇಲ್ಲದ ಲಾರಿ ಓಡ್ಸಕ್ಕೆ ಇಷ್ಟ್ ದುಡ್ಡು ಯಾಕ್ರೀ?"

ಅತ್ತೆ ಯಾರ ಪಕ್ಷವನ್ನೂ ವಹಿಸದೆ ಸಾರು ಬಡಿಸುತ್ತಿದ್ದರು. ಕೊನೆಗೆ, ಯಾರೋ ಬಳಸಿ ಮಾರಿದ ಕಾರ್ಡು ಗಂಡನಿಗೆ, ನಿಧಾನವಾಗಿ ತಿರುಗುವ ದೊಡ್ಡ ಫ್ಯಾನುಗಳು, ಒಳ್ಳೆಯ ಮೈಕು ನನಗೆ ಎಂದು ರಾಜಿಯಾಯಿತು. ಪ್ರೊಸೆಸರು ಮಾತ್ರ ಕಾರ್ಡ್ ಇಲ್ಲದೆಯೂ ಪರದೆಗೆ ಚಿತ್ರ ಕೊಡುವಂಥದ್ದೇ ಆಗಬೇಕೆಂದು ಹಟ ಹಿಡಿದೆ. ಅವರು ಅನುಮಾನದಿಂದ ಯಾಕೆ ಎಂದು ಕೇಳಿದರು. ಇರಲಿ ಎಂದೆ.

ಪ್ರತಿಧ್ವನಿ ತಡೆಯಲು ಗೋಡೆಗೆ ಅಂಟಿಸುವ ಸ್ಪಂಜಿಗೆ ದುಡ್ಡು ಉಳಿಯಲಿಲ್ಲ. ಮನೆಯ ಯಾವ ಕೋಣೆಯಲ್ಲಿ ಓದಿದರೂ ಖಾಲಿ ಹಂಡೆಗೆ ತಲೆ ಹಾಕಿ ಓದಿದ ಹಾಗೆ ಕೇಳುತ್ತಿತ್ತು. ಆಗ ಹೊಳೆದದ್ದು ಗೋಡೌನು. ಬೆಲೆ ಏರಲಿ ಎಂದು ಅತ್ತೆ ಮಾರದೆ ಇಟ್ಟುಕೊಂಡಿದ್ದ ರೊಬಸ್ಟಾ ಕಾಫಿಯ ಮೂಟೆಗಳು ಅಲ್ಲಿ ತಲೆಗಿಂತ ಎತ್ತರಕ್ಕೆ ಪೇರಿಸಿದ್ದವು. ಅವುಗಳ ನಡುವೆ ಮೇಜು ಹಾಕಿ, ಕಂಪ್ಯೂಟರು ಇಟ್ಟು, ಒಂದು ಪುಟ ಓದಿ ನೋಡಿದೆ. ಪ್ರತಿಧ್ವನಿಯ ಸುಳಿವೇ ಇಲ್ಲ. ಮೈಸೂರಿನವರು ಅದನ್ನು ಕೇಳಿ, ರೂಮಿನ ಗೋಡೆಗೆ ಏನು ಹಾಕಿಸಿದ್ದೀರಿ ಎಂದು ಫೋನ್ ಮಾಡಿದರು. ರೊಬಸ್ಟಾ ಎಂದೆ. ಅದು ಯಾವ ಕಂಪನಿಯದು ಎಂದು ಕೇಳಿದರು.

ಆಮೇಲೆ ಅವರು ಕಳಿಸಿದ್ದು, ಅಕ್ಕತಂಗಿಯರಿಬ್ಬರು ಒಂದು ಬಾವಿಗಾಗಿ ಕಿತ್ತಾಡುವ ದಪ್ಪ ಕಾದಂಬರಿ. ಇದು ಒಪ್ಪಿಗೆಯಾದರೆ ನನಗೆ ವರ್ಷವಿಡೀ ಕೆಲಸ. ಮೊದಲ ಅಧ್ಯಾಯಗಳನ್ನು ಕಳಿಸಿದೆ. ಹಾಗೇ ವಾಪಸ್ ಬಂದವು. ಅಲ್ಲಲ್ಲಿ 'ಚಕ್' ಎಂದು ಸದ್ದು ಬರುತ್ತದೆ, ಸರಿಮಾಡದಿದ್ದರೆ ಬೇರೆಯವರಿಂದ ಓದಿಸುತ್ತೇವೆ ಎಂದರು. ಕೇಳಿ ನೋಡಿದರೆ ನಿಜ. ಓದುವ ಭರದಲ್ಲಿ ನನ್ನ ಕಿವಿಗೇ ಬಿದ್ದಿರಲಿಲ್ಲ.

ನಾನು ನೆಟ್ಟಗೆ ಹೋಗಿ ಗ್ರಾಫಿಕ್ಸ್ ಕಾರ್ಡನ್ನು ಕಿತ್ತು ತೆಗೆದೆ. ಮೊದಲಿಂದಲೂ ಅದರ ಮುಖ ಕಂಡರೆ ನನಗೆ ಆಗುತ್ತಿರಲಿಲ್ಲ. ಮಾರನೆಯ ದಿನದಿಂದ ಸದ್ದು ಮಂಗಮಾಯ. ಗಂಡ ಮುಖ ಸಣ್ಣದು ಮಾಡಿಕೊಂಡು, ಅದು ಅಂಥಾದ್ದಲ್ಲ ಎಂದು ಮಗಳ ಪರವಾಗಿ ಮಾತಾಡುವ ಅಪ್ಪನ ಹಾಗೆ ಹೇಳುತ್ತಲೇ ಇದ್ದರು. ನಾನು ಕಿವಿಗೊಡದೆ ಕಾರ್ಡನ್ನು ಹಳೆಯ ಸೀರೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ. ಯಾರಾದರೂ ಕೊಳ್ಳುವವರಿದ್ದರೆ ಮಾರಿ ಬಿಡುವುದೆಂದೂ ಹೇಳಿದೆ. ಅವರು ಆ ವಾರವೆಲ್ಲ ಕಾಫಿ ಕುಡಿದು ನೇರ ಹಾಸಿಗೆ ಸೇರಿದರು.

ಅದೇ ವಾರ ಅತ್ತೆ ಕಕ್ಕಬೆಯಲ್ಲಿರುವ ನೆಂಟರ ಮನೆಗೆ ಹೋಗಿದ್ದರು. ಅವರು ವಾಪಸ್ ಬಂದರು. ಸದ್ದೂ ವಾಪಸ್ ಬಂತು. ನನ್ನ ಬುದ್ಧಿಗೆ ಎರಡನ್ನೂ ಸೇರಿಸಿ ನೋಡಬೇಕೆಂದು ತೋಚಲೇ ಇಲ್ಲ. ಈ ಸಲ ಕಂಪ್ಯೂಟರಿಗೆ ಕರೆಂಟು ಕೊಡುವ ಪವರ್ ಸಪ್ಲೈ ಮೇಲೆ ಗುಮಾನಿ ಪಟ್ಟೆ.

ಅಷ್ಟರಲ್ಲಿ ಕಾಫಿಯ ಬೆಲೆ ಏರಿತು. ವ್ಯಾಪಾರಿ ಪಿಕಪ್ ತಂದು ಅಂಗಳದಲ್ಲಿ ನಿಲ್ಲಿಸಿದರು. ಅರ್ಧ ಪುಸ್ತಕ ಓದುವುದು ಬಾಕಿಯಿದೆ, ಸದ್ದಿನ ಮೂಲ ಸಿಕ್ಕಿಲ್ಲ, ಈಗ ಸ್ಟುಡಿಯೋದ ಗೋಡೆಗಳೇ ಗಾಡಿ ಹತ್ತಿ ಹೊರಡಲಿವೆ. ಕಾಫಿ ಅತ್ತೆಯದು, ಬೇಡ ಎನ್ನಲು ನಾನು ಯಾರು?

"ಬರೋ ವಾರ ಬನ್ನಿ," ಎಂದರು ಅತ್ತೆ.

"ಅಮ್ಮ, ಬರೋ ವಾರ ಈ ರೇಟ್ ಇರದಿಲ್ಲ."

"ಇಲ್ದಿದ್ರೆ ಬ್ಯಾಡ. ಆ ಬಾವಿ ಯಾರ್ ಪಾಲಿಗಾಯ್ತು ಅಂತ ಇನ್ನೂ ಗೊತ್ತಾಗಿಲ್ಲ. ಮೂಟೆ ಹೋದ್ರೆ ಇವ್ಳು ಎಲ್ ಕೂತ್ಕಂಡ್ ಓದದು?"

ಯಾವ ಬಾವಿ ಎಂದು ವ್ಯಾಪಾರಿ ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ.

"ಅತ್ತೆ, ಬಾವಿ ವಿಷ್ಯ ನಿಮ್ಗೆ ಹೆಂಗ್ ಗೊತ್ತು?"

"ನಿನ್ ಹಿಂದೇನೆ ಮೂಟೆ ಮರೇಲಿ ಕೂತಿರ್ತೀನಲ್ಲ. ಆ ತಂಗಿ ಬಾಯ್ ತೆಗುದ್ರೆ ಸಾಕು, ಮೈಯೆಲ್ಲಾ ಉರಿತದೆ," ಎಂದು ಅತ್ತೆ ಲೊಚಗುಟ್ಟಿದರು. 'ಚಕ್'.

ಸಂಜೆ ಇದನ್ನು ಕೇಳಿದ ಗಂಡ ಸ್ಕ್ರೂಡ್ರೈವರ್ ತಂದು ಮೇಜಿನ ಮೇಲಿಟ್ಟರು. ನಾನು ತಪ್ಪಾಯಿತು ಎನ್ನಲಿಲ್ಲ. ಬೀರುವಿನಿಂದ ಕಾರ್ಡು ತೆಗೆದು, ಸೀರೆ ಬಿಚ್ಚಿ, ಅದರ ಜಾಗದಲ್ಲಿ ಕೂರಿಸಿದೆ. "ಸ್ಕ್ರೂ ಬಿಗಿ ಮಾಡು," ಎಂದರು, ಅಷ್ಟೇ.

ಸದ್ದು ಬಂದ ಅಧ್ಯಾಯಗಳನ್ನೆಲ್ಲ ಒಬ್ಬಳೇ ಕೂತು ಮತ್ತೆ ಓದಿದೆ. ಕೊನೆಯ ಅಧ್ಯಾಯದ ದಿನ ಅತ್ತೆಯನ್ನು ಎದುರಿಗೇ ಕುರ್ಚಿ ಹಾಕಿ ಕೂರಿಸಿದೆ. ಬಾಯಿಗೆ ಸೆರಗು ಅಡ್ಡ ಹಿಡಿದು, ತುಟಿ ಬಿಚ್ಚುವುದಿಲ್ಲ ಎಂದು ತಲೆಯಾಡಿಸಿದರು. ಓದುತ್ತಾ ಹೋದೆ. ಬಾವಿ ತಂಗಿಯ ಪಾಲಾಯಿತು. 'ಚಕ್'. ಓದು ನಿಲ್ಲಿಸಿ ಸಿಟ್ಟಿನಿಂದ ತಲೆಯೆತ್ತಿದೆ. ಅತ್ತೆಯ ಸೆರಗು ಬಾಯಿಯ ಮೇಲೇ ಇತ್ತು. ನಾನಲ್ಲ ಎಂದು ಕಣ್ಣಲ್ಲೇ ನನ್ನ ಹಿಂದೆ ತೋರಿಸಿದರು. ಮೂಟೆಯ ಮರೆಯಲ್ಲಿ ಗಂಡ ನಿಂತಿದ್ದರು, ಜೀಪಿನ ಕೀಲಿ ಇನ್ನೂ ಕೈಯಲ್ಲೇ ಇತ್ತು.

"ಅಕ್ಕಂಗೆ ಅನ್ಯಾಯ ಆಯ್ತು ಕಣೇ," ಎಂದರು.

ನನಗೆ ನಗು ತಡೆಯಲಾಗಲಿಲ್ಲ. ಮೈಕು ಆರಿಸಿ, ಉಳಿದ ಪುಟಗಳನ್ನು ಅವರಿಬ್ಬರಿಗೇ ಓದಿದೆ. ಬೇಕಾದಷ್ಟು ಲೊಚಗುಟ್ಟಿದರು. ಮೈಸೂರಿಗೆ ಮರುದಿನ ಒಬ್ಬಳೇ ಕೂತು ಓದಿ ಕಳಿಸಿದೆ, ಒಪ್ಪಿಗೆಯಾಯಿತು.

ವ್ಯಾಪಾರಿ ಮತ್ತೆ ಬಂದಾಗ ಬೆಲೆ ಇಳಿದಿತ್ತು. ಅತ್ತೆ ಚೌಕಾಸಿ ಮಾಡದೆ ಗೋಡೌನಿನ ಬೀಗ ತೆಗೆದರು. ನನ್ನ ಮೇಜಿನ ಸುತ್ತಲಿನ ಮೂಟೆಗಳನ್ನು ಮಾತ್ರ ಮುಟ್ಟಲು ಬಿಡಲಿಲ್ಲ. ಅವಕ್ಕೆ ಇನ್ನೂ ಒಳ್ಳೆಯ ರೇಟು ಬರಬೇಕಂತೆ.