ಪರದೆ ಇಲ್ಲದ ನಾಟಕಕ್ಕೆ ಬಂದ ದಾರಿ

ಹೊಡೆದಾಟದ ದೃಶ್ಯ ಕಟ್ಟುವುದರಲ್ಲಿ ನನಗೆ ಹೆಸರಿತ್ತು. ತಿ. ನರಸೀಪುರದ ನಮ್ಮ ತಂಡ ಆಡುತ್ತಿದ್ದುದು ರಾಜರಾಣಿಯರ ನಾಟಕಗಳನ್ನೇ. ಹೊಡೆಯುವವನ ಕೈ ಕೆನ್ನೆಯ ಪಕ್ಕ ಹಾದುಹೋಗಬೇಕು, ಏಟು ತಿನ್ನುವವಳು ಅದೇ ಹೊತ್ತಿಗೆ ಏಟಿನ ಸದ್ದಿಗೆಂದು ಮರೆಯಲ್ಲಿ ಚಪ್ಪಾಳೆ ತಟ್ಟಿ ಮುಖ ತಿರುಗಿಸಬೇಕು. ಜನ ‘ಅಯ್ಯೋ’ ಎಂದರೆ ನನಗೆ ಹಿಗ್ಗು. ನಾಟಕದಿಂದ ಸಮಾಜ ತಿದ್ದುತ್ತೇವೆ ಎನ್ನುವವರನ್ನು ಕಂಡರೆ ನಗು ಬರುತ್ತಿತ್ತು.

ಆ ವರ್ಷ ರಾಣಿಯ ಪಾತ್ರಕ್ಕೆ ಬಂದವಳು ನಂಜನಗೂಡಿನ ಹತ್ತಿರ ತಾಂಡ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುವ ಹೆಂಗಸು. ಭಾನುವಾರ ಭಾನುವಾರ ನಂಜನಗೂಡಿನಿಂದ ಬಸ್ಸು ಹಿಡಿದು ತಾಲೀಮಿಗೆ ಬರುತ್ತಿದ್ದಳು. ಒಂದು ದಿನ ಅವಳ ಕಣ್ಣ ಕೆಳಗೆ ನೀಲಿಗಟ್ಟಿತ್ತು.

“ಬಚ್ಚಲಲ್ಲಿ ಜಾರ್ಬುಟ್ಟೆ ಸಾ” ಎಂದಳು. ಸುಳ್ಳು ಎಂದು ಗೊತ್ತಿದ್ದೂ ತಾಲೀಮು ಮುಂದುವರಿಸಿದೆ. ಪ್ರದರ್ಶನದ ದಿನ ಕುತ್ತಿಗೆಯ ಮೇಲೆ ಐದು ಬೆರಳ ಗುರುತಿತ್ತು. ನಾನೇ ಅದರ ಮೇಲೆ ಬಣ್ಣ ಮೆತ್ತಿ, “ದೂರಕ್ಕೆ ಕಾಣಲ್ಲ ಬಿಡಮ್ಮ” ಎಂದೆ.

ಎರಡನೇ ಅಂಕದಲ್ಲಿ ಪ್ರೇಕ್ಷಕರ ನಡುವಿನಿಂದ ಒಬ್ಬ ಎದ್ದು ರಂಗದ ಮೇಲೆ ಹತ್ತಿದ. ಅವಳ ಗಂಡ. ಕುಡಿದಿರಲಿಲ್ಲ. ಜಡೆ ಹಿಡಿದೆಳೆದು ಕಪಾಳಕ್ಕೆ ಬಾರಿಸಿದ. ಕಿರೀಟ ಉರುಳಿತು. ಕೆಳಗೆ ಬಿದ್ದವಳ ಹೊಟ್ಟೆಗೆ ಒದ್ದ. ಜನ ಶಿಳ್ಳೆ ಹಾಕಿ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ನಿಂತಿದ್ದ ನನಗೂ, ಇವನ್ಯಾರು ಎಂದು ಹೊಳೆಯುವ ಮೊದಲು, ಏಟು ಚೆನ್ನಾಗಿ ಬಿತ್ತು ಅನ್ನಿಸಿದ್ದು ನಿಜ. ಆಮೇಲೆ ಅವಳ ಕಿವಿಯಿಂದ ರಕ್ತ ಇಳಿಯುವುದು ಕಾಣಿಸಿತು.

ರಾಜನ ವೇಷದವನೂ ನಾನೂ ಅವನ ಮೇಲೆ ಬಿದ್ದೆವು. ಅವನು ತಲೆಯಿಂದ ಗುದ್ದಿದ ರಭಸಕ್ಕೆ ನನ್ನ ಮುಂದಿನ ಹಲ್ಲು ಮುರಿಯಿತು.

“ನನ್ ಎಂಡ್ರು ಇವ್ಳು! ಒಡೀತೀನಿ, ಕೊಲ್ತೀನಿ. ಕೇಳಕ್ಕೆ ನೀವ್ಯಾರ್ಲಾ?” ಎಂದು ಅರಚಿದ. ಇದು ಆಟವಲ್ಲ ಎಂದು ಸಭೆಗೆ ಗೊತ್ತಾದದ್ದು ಆಗ.

ಆಸ್ಪತ್ರೆಯಲ್ಲಿ ಕಿವಿಯ ತಮಟೆ ಹರಿದಿದೆ ಎಂದರು. ಮೂರನೇ ದಿನ ನೋಡಲು ಹೋದಾಗ ಅವಳು ಕೇಳಿದಳು:

“ನಿಮ್ಗೆ ಮೊದ್ಲೇ ಗೊತ್ತಿತ್ತು ಅಲ್ವಾ ಸಾ?”

ಹೌದೆಂದು ತಲೆಯಾಡಿಸಿದೆ.

“ಬಣ್ಣ ಬಳ್ದು ಮುಚ್ಬುಟ್ರಿ. ಇನ್ ಮುಚ್ಬೇಡಿ. ಇದ್ನೇ ಆಡಾವ.”

ಅವಳು ಪೊಲೀಸರಿಗೆ ದೂರು ಕೊಟ್ಟಳು. ಊರಿನ ಹಿರಿಯರು ರಾಜಿಗೆ ಕರೆದರೂ ಹೋಗಲಿಲ್ಲ. ಕಾಲು ಗಂಟೆಯ ನಾಟಕವೊಂದನ್ನು ನಾವಿಬ್ಬರೂ ಕೂತು ಕಟ್ಟಿದೆವು. ಪರದೆ ಇಲ್ಲ, ಕಿರೀಟ ಇಲ್ಲ. ಗಂಡನ ಪಾತ್ರಕ್ಕೆ ಯಾರೂ ಒಪ್ಪದೆ ನಾನೇ ನಿಂತೆ. ತಾಂಡ್ಯದಲ್ಲಿ ಶಿಫ್ಟ್ ಬಿಡುವ ಹೊತ್ತಿಗೆ ಬಸ್‌ಸ್ಟಾಪಿನ ಪಕ್ಕ ಮೊದಲ ಸಲ ಆಡಿದಾಗ ನನ್ನ ಬೆನ್ನಿಗೆ ಕಲ್ಲು ಬಿತ್ತು.

ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅವಳ ಗಂಡನ ಕಡೆಯ ನಾಲ್ವರು ದೊಣ್ಣೆ ಹಿಡಿದು ಬಂದರು. ತಲೆಗೆ ಬಂದ ಏಟನ್ನು ತಡೆಯಲು ಹೋಗಿ ನನ್ನ ಎಡಗೈ ಮೂಳೆ ಮುರಿಯಿತು. ಇನ್ನೊಬ್ಬ ನಟನ ಪಕ್ಕೆಗೆ ಒದ್ದರು. ಅವಳ ಭುಜಕ್ಕೆ ದೊಣ್ಣೆ ಬಿದ್ದರೂ ಅವಳು ಓಡಲಿಲ್ಲ. ನೋಡುತ್ತಿದ್ದ ಮುದುಕಿಯೊಬ್ಬಳು ಕೈಯಲ್ಲಿದ್ದ ಪೊರಕೆಯಿಂದ ಒಬ್ಬನ ಮುಖಕ್ಕೇ ಬಾರಿಸಿ, “ಎಂಗ್ಸ್ರ್ ಮೇಲೆ ಕೈ ಎತ್ತೀಯೇನ್ಲಾ?” ಎಂದಳು. ಅವಳ ಹಿಂದೆ ಉಳಿದ ಹೆಂಗಸರೂ ನುಗ್ಗಿದ್ದು ಕಂಡು ನಾಲ್ವರೂ ಕಾಲ್ಕಿತ್ತರು.

ತಂಡದಲ್ಲಿ ಅರ್ಧ ಜನ ಬಿಟ್ಟರು. “ಪಾಲ್ಟು ಮಾಡಕ್ಕೆ ಬಂದಿದ್ದು ಸಾ, ಏಟ್ ತಿನ್ನಕ್ಕಲ್ಲ” ಎಂದರು. ಅವರ ಮೇಲೆ ನನಗೆ ಕೋಪವಿಲ್ಲ. ಗಂಡನಿಗೆ ಶಿಕ್ಷೆಯಾಯಿತು, ಮೇಲಿನ ಕೋರ್ಟಿಗೆ ಹೋಗಿದ್ದಾನೆ. ಅವಳು ನಂಜನಗೂಡಿನಲ್ಲಿ ಮಗಳೊಂದಿಗೆ ಬಾಡಿಗೆ ಮನೆಯಲ್ಲಿದ್ದಾಳೆ. ಬಲಗಿವಿ ಕೇಳುವುದಿಲ್ಲ. ರಾಜರಾಣಿಯರ ನಾಟಕಕ್ಕೆ ನಾನು ಮತ್ತೆ ಹೋಗಲಿಲ್ಲ.

ಕಳೆದ ತಿಂಗಳು ತಾಂಡ್ಯದಲ್ಲಿ ನಮ್ಮಿಬ್ಬರ ಆಟ ಮುಗಿದ ಮೇಲೆ ಕಾರ್ಖಾನೆಯ ಸಮವಸ್ತ್ರದಲ್ಲಿದ್ದ ಒಬ್ಬ ಬಸ್ಸು ಬಿಟ್ಟು ನಿಂತಿದ್ದ. “ನಾನೂ ಒಡೀತೀನಿ ಸಾ, ಮನೇಲಿ. ನಿನ್ನೆ ರಾತ್ರೀನೂ ಒಡ್ದೆ” ಎಂದ. ನನಗೆ ಅವನ ಕಪಾಳಕ್ಕೆ ಬಿಗಿಯಬೇಕು ಅನ್ನಿಸಿ ಮುಂದೆ ನುಗ್ಗಿದೆ. ಅವಳು ನನ್ನನ್ನು ಪಕ್ಕಕ್ಕೆ ಸರಿಸಿ, ಕಲ್ಲುಬೆಂಚು ತೋರಿಸಿದಳು.

“ಕುಂತ್ಕೊ ಅಣ್ಣ, ಮಾತಾಡಾವ.”