ಕಾಳವ್ವ ಒರೆಸದೆ ಬಿಟ್ಟ ಎಣ್ಣೆ

ಬಸವಕುಮಾರ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮರುದಿನ ಕಾರ್ಖಾನೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಕಾಳವ್ವ ಎಲ್ಲಿದ್ದಳು? ಎಣ್ಣೆ ಎಲ್ಲಿಂದ ಬಂತು ಎಂದು ಒಬ್ಬನೇ ಒಬ್ಬ ಗಂಡಸು ಬಾಯಿ ಬಿಡಲಿಲ್ಲ. ನೆಲದ ಮೇಲೆ ಎಣ್ಣೆಯಿತ್ತು, ನೆಲ ಒರೆಸುವವಳು ಕಾಳವ್ವ, ಅಲ್ಲಿಗೆ ವಿಚಾರಣೆ ಮುಗಿಯಿತು. ಮೀಟಿಂಗಿಗೆ ಚಹಾ ಬಂತು, ಬಿಸ್ಕತ್ತು ಬಂತು, ಕುಡಿದು ತಿಂದು ಎದ್ದರು.

ಕಾಳವ್ವ ಹುನಗುಂದದ ಕಡೆಯವಳು. ಗಂಡ ಬಾಳಪ್ಪ ಪಕ್ಕದ ರಾಜ್ಯದ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಲಾರಿಗಳಿಂದ ಸರಳು ಇಳಿಸುವ ಹಮಾಲ. ಅವನ ಹಿಂದೆ ಬಂದು ಕಳಂಬೋಲಿಯ ಒಂದು ಖೋಲಿಯಲ್ಲಿ ಸಂಸಾರ ಹೂಡಿದವಳು, ಬೆನ್ನುನೋವಿನಿಂದ ಗಂಡನ ದುಡಿಮೆ ಅರ್ಧಕ್ಕಿಳಿದಾಗ ಹತ್ತಿರದ ತಳೋಜಾದ ಒಂದು ಕಾರ್ಖಾನೆಗೆ ಕಸಗುಡಿಸಲು ಸೇರಿದಳು. ಲಾರಿಗಳ ತಗಡಿನ ಬಿಡಿಭಾಗ ಒತ್ತುವ ಕಾರ್ಖಾನೆ. ಕೆಲಸ ಕಂಪನಿಯದಲ್ಲ, ಠೇಕೇದಾರನ ಗುತ್ತಿಗೆಯದು. ಕಾಯಂ ನೌಕರರಿಗೆ ಕೊಡುವ ಬೂಟು ಠೇಕೆಯವರಿಗಿಲ್ಲ, ಜಾರುವ ನೆಲದಲ್ಲಿ ಓಡಾಡುವವರು ಮಾತ್ರ ಅವರೇ. ಕಾಳವ್ವನಿಗೆ ಸಿಟ್ಟು ಮೂಗಿನ ತುದಿಯಲ್ಲಿ. ಒರೆಸಿದ ನೆಲದ ಮೇಲೆ ಯಾರಾದರೂ ಗುಟ್ಕಾ ಉಗುಳಿದರೆ ಅವನು ಫೋರ್‌ಮನ್ ಇರಲಿ, ಇಂಜಿನಿಯರ್ ಇರಲಿ, ಅವನ ಕೈಗೇ ಚಿಂದಿ ಕೊಟ್ಟು ಒರೆಸು ಎನ್ನುತ್ತಿದ್ದಳು. ಅವಳೆದುರು ಜನ ನಗುತ್ತಿದ್ದರು, ಆದರೆ ಉಗುಳುವುದನ್ನೂ ಬಿಟ್ಟಿದ್ದರು.

ಅಲ್ಲೊಂದು ದೊಡ್ಡ ಪ್ರೆಸ್ ಇತ್ತು. ಎಣ್ಣೆಯ ಒತ್ತಡದಲ್ಲಿ ನಡೆಯುವ ಮೆಷಿನ್ನು. ಅದರ ಬೆನ್ನಿಗಿದ್ದ ಪೈಪಿನ ಜೋಡಣೆಯಲ್ಲಿ ರಬ್ಬರಿನ ಸೀಲ್ ಸವೆದು, ಅಲ್ಲಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಮೊದಮೊದಲು ಹನಿ, ಆಮೇಲೆ ಸಣ್ಣ ಧಾರೆ. ಕಾಳವ್ವ ಹೊಸದರಲ್ಲಿ ಪೈಪು ಹಿಡಿದು ನೀರು ಬಿಟ್ಟು ತೊಳೆದಳು. ನೀರಿನ ಜೊತೆ ಎಣ್ಣೆ ಇಡೀ ಶೆಡ್ಡಿಗೆ ಹರಡಿ, ಗಟಾರ ಕಟ್ಟಿಕೊಂಡು, ಅವಳಿಗೆ ಬೈಗುಳ ಸಿಕ್ಕಿತು. ಬರಬರುತ್ತಾ ಕೈ ಪಳಗಿತು. ಮೊದಲು ಸುತ್ತ ಸ್ಟೂಲು ಇಟ್ಟು ಜನರನ್ನು ತಡೆಯುವುದು, ಅಂಚಿನಿಂದ ಒಳಕ್ಕೆ ಮರದ ಹೊಟ್ಟು ಸುರಿಯುವುದು, ಅದು ಎಣ್ಣೆ ಕುಡಿಯುವ ತನಕ ಕಾಯುವುದು, ಬಳಿದು ತೆಗೆಯುವುದು, ಸೋಡಾ ಪುಡಿ ಹಾಕಿ ಬಿಸಿನೀರಲ್ಲಿ ಉಜ್ಜಿ ಒಣಗಿಸುವುದು. ಎಣ್ಣೆ ಕುಡಿದ ಹೊಟ್ಟು, ಚಿಂದಿ ಎಲ್ಲ ಮುಚ್ಚಳವಿದ್ದ ಡ್ರಮ್ಮಿಗೆ. ಹಿಂದೊಮ್ಮೆ ಮೂಲೆಯಲ್ಲಿ ರಾಶಿ ಹಾಕಿದ್ದ ಚಿಂದಿಗೆ ವೆಲ್ಡಿಂಗಿನ ಕಿಡಿ ಹಾರಿ ಹೊತ್ತಿಕೊಂಡಿತ್ತು, ಆಮೇಲೆ ಯಾರೂ ಹೇಳಬೇಕಾಗಲಿಲ್ಲ.

ಸೀಲ್ ಬದಲಿಸಿ ಎಂದು ಅವಳು ಪ್ರೊಡಕ್ಷನ್ ಮ್ಯಾನೇಜರ್ ಲೀಲಾಧರನಿಗೆ ಹೇಳದೆ ಇರಲಿಲ್ಲ. ಲೀಲಾಧರ ಕಾರ್ಕಳದ ಕಡೆಯವನು. ಕನ್ನಡದವಳೆಂದು ಅವಳ ಹತ್ತಿರ ಸಲುಗೆಯಿಂದಲೇ ಮಾತಾಡುತ್ತಿದ್ದ.

"ಮೆಷಿನ್ ನಿಲ್ಲಿಸಿದರೆ ಆರ್ಡರಿಗೆ ಎಂತ ಮಾಡುವುದು ಕಾಳವ್ವ? ಶಟ್‌ಡೌನ್ ಬರಲಿ, ನೋಡುವ. ಈಗ ನೀನು ಸ್ವಲ್ಪ ಹೊಟ್ಟು ಜಾಸ್ತಿ ಹಾಕು."

ಅವಳು ಹಾಕಿದಳು. ಅಷ್ಟೇ ಅಲ್ಲ, ಸಾಹೇಬರು ಬರುವುದರೊಳಗೆ ನೆಲ ಥಳಥಳ ಅನ್ನಬೇಕೆಂದು ಬೆಳಗಿನ ಪಾಳಿಗೆ ಎಲ್ಲರಿಗಿಂತ ಮುಂಚೆ ಬಂದು ಉಜ್ಜಿದಳು. ಎಣ್ಣೆಯ ಒಂದು ಕಲೆ ಕಂಡರೂ ಅವಳಿಗೆ ಅವಮಾನ. ಹೊರಗಿನಿಂದ ತಪಾಸಣೆಗೆ ಬಂದವರು ಆ ಪ್ರೆಸ್ಸಿನ ಸುತ್ತ ನಡೆದು, ಬಹಳ ಚೊಕ್ಕವಾಗಿದೆ ಎಂದು ತಲೆದೂಗಿ ಹೋದರು. ಲೀಲಾಧರ ಹಲ್ಲು ಕಿರಿದ. ಎಲ್ಲ ಮೆಷಿನ್ ನಿಲ್ಲಿಸಿ ರಿಪೇರಿ ಮಾಡುವ ಆ ಶಟ್‌ಡೌನ್ ಬರಲೇ ಇಲ್ಲ.

ಬಸವಕುಮಾರ ಅವಳ ಪಕ್ಕದ ಖೋಲಿಯವನು. ಅವಳೇ ಠೇಕೇದಾರನಿಗೆ ಹೇಳಿ ಕೆಲಸಕ್ಕೆ ಸೇರಿಸಿದ ಹುಡುಗ, ಅಕ್ಕಾ ಎಂದೇ ಕರೆಯುತ್ತಿದ್ದ. ಅವನು ಬಿದ್ದದ್ದು ಎರಡನೆಯ ಪಾಳಿಯಲ್ಲಿ. ಆಗ ಕಾಳವ್ವ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಎರಡನೆಯ ಪಾಳಿಗೆ ಒರೆಸುವವರನ್ನು ಕಂಪನಿ ಇಟ್ಟೇ ಇರಲಿಲ್ಲ. ಯಾರೋ ಎಣ್ಣೆಯ ಮೇಲೆ ರಟ್ಟು ಹಾಸಿದ್ದರಂತೆ. ಬೇರೆ ಶೆಡ್ಡಿನಿಂದ ಉಕ್ಕಿನ ಭಾರ ಹೊತ್ತು ಬಂದ, ಮೆಷಿನ್ ಸೋರುವ ಸಂಗತಿ ಗೊತ್ತಿಲ್ಲದ ಅವನು ರಟ್ಟಿನ ಸಮೇತ ಜಾರಿದ.

ಮೀಟಿಂಗಿನಲ್ಲಿ ಲೀಲಾಧರ ಹಿಂದಿಯಲ್ಲಿ ಭಾಷಣ ಬಿಗಿದ: ಸ್ವಚ್ಛತೆ ಸರಿಯಿಲ್ಲ, ಸಫಾಯಿಯವರು ಗಮನ ಕೊಡುತ್ತಿಲ್ಲ. ಗೋಡೆಗೆ ಹೊಸ ಬೋರ್ಡು ಬಂತು, ಜಾಗ್ರತೆಯಾಗಿ ನಡೆಯಿರಿ ಎಂದು. ಸೋರುವ ಮೆಷಿನ್ನಿಗೆ ಬುದ್ಧಿ ಹೇಳುವ ಬೋರ್ಡು ಮಾತ್ರ ಇರಲಿಲ್ಲ.

ಈ ಸುದ್ದಿ ಕಾಳವ್ವನಿಗಿಂತ ಮುಂಚೆ ಓಣಿ ಮುಟ್ಟಿತ್ತು. ಬಸವಕುಮಾರನ ಹೆಂಡತಿ ವೈಶಾಲಿ ನಳದ ಹತ್ತಿರ ಕೊಡ ಇಳಿಸಿ ಅವಳ ಮುಖವನ್ನೇ ನೋಡಿದಳು.

"ಕಾಳಕ್ಕಾ, ಒಂದ್ ಚಿಂದಿ ಎಳಿಯಾಕ ಆಗಲಿಲ್ಲೇನ ನಿನಗ? ನಿನ್ನ ನಂಬಿ ಕಳಿಸಿದ್ನೆಲ್ಲ ಅವನ್ನ."

"ಏ ವೈಶಾಲಿ, ಅದು ಮಷಿನ್ದ..."

"ಮಷಿನ್ ಮ್ಯಾಲೆ ಹಾಕಬ್ಯಾಡ."

ಅಷ್ಟೇ. ಅಂದಿನಿಂದ ಆ ಬಾಗಿಲು ಮುಚ್ಚಿತು. ಹಬ್ಬಕ್ಕೆ ಹೋಳಿಗೆ ಕೊಟ್ಟುಕೊಂಡು ತಂದುಕೊಂಡು ಇದ್ದ ಮನೆ. ಗೋಡೆಯಾಚೆ ಬಸವಕುಮಾರ ಮಗ್ಗುಲು ಬದಲಿಸುವಾಗ ನರಳುವುದು ಕೇಳುತ್ತಿತ್ತು, ಹೋಗಿ ನೋಡುವ ಹಾಗಿಲ್ಲ. ಕಂಪನಿಯವರು ಏನಾದರೂ ಅನ್ನಲಿ, ಅವಳಿಗೆ ಅದರ ಗೊಡವೆಯಿರಲಿಲ್ಲ. ವೈಶಾಲಿ ಹಾಗೆಂದದ್ದನ್ನು ಮಾತ್ರ ಬಿಡಲಾಗಲಿಲ್ಲ. ಆ ಮಾತನ್ನು ವೈಶಾಲಿಯ ತಲೆಯಿಂದ ತೆಗೆಯದೆ ತಾನು ಆ ಓಣಿಯಲ್ಲಿ ತಲೆಯೆತ್ತಿ ಬಾಳುವುದು ಸಾಧ್ಯವಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಒಂದು ಬೆಳಗ್ಗೆ ಪ್ರೆಸ್ಸಿನ ಹಿಂದೆ ಕೂತು ಉಜ್ಜುತ್ತಿದ್ದಾಗ ಅವಳ ಕೈ ತಾನಾಗಿ ನಿಂತಿತು. ಸೋರುವುದು ಯಾರಿಗೂ ಕಾಣದೆ ಹೋದದ್ದು ತನ್ನಿಂದಲೇ ಅಲ್ಲವೇ? ಇವರು ಬರುವ ಮುಂಚೆ ಬಂದು ಬಳಿದು ಬಳಿದು, ಇವರ ಪಾಪವನ್ನು ತಾನೇ ತೊಳೆದುಕೊಟ್ಟಂತಾಯಿತು. ತಾನು ಇಷ್ಟು ಚೊಕ್ಕ ಮಾಡದೆ ಹೋಗಿದ್ದರೆ ಹಿಂದೆಯೇ ಮೆಷಿನ್ ನಿಲ್ಲಿಸಬೇಕಾಗುತ್ತಿತ್ತು. ಅವಳಿಗೆ ತನ್ನ ಮೇಲೂ ಸಿಟ್ಟು ಬಂತು, ಆದರೆ ಅದಕ್ಕಿಂತ ಹೆಚ್ಚಾಗಿ ಅವರ ಮೇಲೆ ಬಂತು.

ಖಂಡೇನವಮಿ ಬಂತು. ಆ ಕಾರ್ಖಾನೆಯಲ್ಲಿ ಅದು ದೊಡ್ಡ ಹಬ್ಬ. ಮೆಷಿನ್ನುಗಳಿಗೆ ಹೂವು, ಕುಂಕುಮ, ಕಾಯಿ. ಕಂಪನಿಯ ಮಾಲೀಕ ಸೇಠ್ ಹೆಂಡತಿಯ ಜೊತೆ ಬಂದು, ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಪ್ರತಿ ಮೆಷಿನ್ನಿಗೂ ಆರತಿ ಎತ್ತುತ್ತಾನೆ. ಕೊನೆಗೆ ದೊಡ್ಡ ಪ್ರೆಸ್ಸಿನ ಪೂಜೆ, ಅದನ್ನೊಮ್ಮೆ ಓಡಿಸಿ ಕೈಮುಗಿಯುವುದು, ಆಮೇಲೆ ಎಲ್ಲರಿಗೂ ಊಟ. ಕೆಲಸಗಾರರೂ ಅವತ್ತು ಬೂಟು ಬಿಟ್ಟು ಬರಿಗಾಲಲ್ಲೇ ನಿಲ್ಲುವುದು, ಮೆಷಿನ್ನೇ ದೇವರಲ್ಲವೇ. ದೇವರ ಮುಂದೆ ಎಣ್ಣೆಯಲ್ಲಿ ಜಾರಿ ಬಿದ್ದರೆ ಅದಕ್ಕೂ ಕಾಳವ್ವನೇ ಹೊಣೆ.

ಹಬ್ಬದ ಹಿಂದಿನ ರಾತ್ರಿಯ ಪಾಳಿಯೂ ಪ್ರೆಸ್ ಓಡಿತ್ತು. ಕಾಳವ್ವ ಬಂದಾಗ ಅದರ ಹಿಂದಿನಿಂದ ಮುಂದಿನವರೆಗೆ ಎಣ್ಣೆ ಕಪ್ಪಗೆ ಹರವಿಕೊಂಡಿತ್ತು. ಅವಳು ಸುತ್ತ ಹೊಟ್ಟಿನ ಕಟ್ಟೆ ಕಟ್ಟಿ ಅದು ಆಚೆ ಹರಿಯದಂತೆ ಮಾಡಿದಳು, ಯಾರೂ ಕಾಲಿಡದಂತೆ ಸ್ಟೂಲು ಸಾಲಾಗಿ ಇಟ್ಟಳು, ದೀಪದ ತಟ್ಟೆಯನ್ನು ದೂರ ಸರಿಸಿದಳು. ಒರೆಸಲಿಲ್ಲ. ಒಂದು ಸ್ಟೂಲಿನ ಮೇಲೆ ಸೆರಗು ಸುತ್ತಿಕೊಂಡು ಕೂತುಬಿಟ್ಟಳು.

ರೇಷ್ಮೆ ಅಂಗಿ ತೊಟ್ಟು ಬಂದ ಲೀಲಾಧರ ಅವಳನ್ನು ನೋಡಿ ನಿಂತ.

"ಎಂತ ಕಾಳವ್ವ ಇದು? ಸೇಠ್ ಬರುವ ಹೊತ್ತಾಯ್ತು ಮಾರಾಯ್ತಿ. ಬೇಗ ಒರೆಸು."

"ಒರೆಸಂಗಿಲ್ರೀ ಸಾಹೇಬ್ರ."

"ಎಂತ ಆಯ್ತು ನಿಂಗೆ?"

"ನನಗೇನೂ ಆಗಿಲ್ರಿ. ಬಸೂಗ ಆಗ್ಯಾದ. ವೈಶಾಲಿಗೆ ಫೋನ್ ಹಚ್ಚಿ ಹೇಳ್ರಿ, ಎಣ್ಣಿ ಮಷಿನ್ದು, ಕಾಳವ್ವನ ತಪ್ಪಿಲ್ಲ ಅಂತ. ಆಮ್ಯಾಲೆ ಒರೆಸ್ತೀನಿ."

ಲೀಲಾಧರ ಮೊದಲು ನಕ್ಕ, ಆಮೇಲೆ ಕೆಲಸದಿಂದ ತೆಗೆಸುತ್ತೇನೆ ಎಂದ, ಆಮೇಲೆ ಹಬ್ಬದ ದಿನ ಹಟ ಮಾಡಬಾರದು ಎಂದು ಗೋಗರೆದ. ಯಾವುದಕ್ಕೂ ಅವಳು ಏಳಲಿಲ್ಲ. ಅವನು ಗಂಡಸರ ಕಡೆ ತಿರುಗಿದ. ಶೆಡ್ಡಿನ ತುಂಬ ಗಟ್ಟಿಮುಟ್ಟಾದ ಗಂಡಸರಿದ್ದರು. ಒಬ್ಬ ಹೊಸ ಪ್ಯಾಂಟಿನ ಮಡಿಕೆ ನೋಡಿಕೊಂಡ. ಇನ್ನೊಬ್ಬ ಹೂವಿನ ಹಾರ ಸರಿಮಾಡಲು ಹೋದ. ಫೋರ್‌ಮನ್ ಮಾತ್ರ ಬಾಯಿಬಿಟ್ಟು ಹೇಳಿದ, ಸಾಹೇಬ್, ಅದು ಅವಳ ಕೆಲಸ. ಚಿಂದಿ ಅಲ್ಲೇ ಇತ್ತು, ಹೊಟ್ಟು ಅಲ್ಲೇ ಇತ್ತು. ಮುಹೂರ್ತ ಮೀರಿದರೂ ಸರಿಯೇ, ಕಸದವಳ ಚಿಂದಿ ಮುಟ್ಟಲು ಒಬ್ಬನ ಕೈಯೂ ಏಳಲಿಲ್ಲ. ಈ ಮಡಿವಂತಿಕೆಯನ್ನು ನೋಡಿ ಕಾಳವ್ವನಿಗೆ ನಗುವೂ ಬಂತು, ಅಸಹ್ಯವೂ ಆಯಿತು. ಲೀಲಾಧರನೂ ಬಗ್ಗಲಿಲ್ಲ.

ಅಷ್ಟರಲ್ಲಿ ಸೇಠ್ ಬಂದ. ಆರತಿ ತಟ್ಟೆ ಹಿಡಿದ ಹೆಂಡತಿ ಅವನ ಹಿಂದೆ. ಸ್ಟೂಲಿನ ಸಾಲಿನ ಮುಂದೆ ಇಬ್ಬರೂ ನಿಂತರು.

"ಯೇ ಕ್ಯಾ ಹೈ?"

"ಸರ್, ಹೌಸ್‌ಕೀಪಿಂಗ್..." ಎಂದು ಲೀಲಾಧರ ಶುರುಮಾಡಿದ. ಅವನ ಮಾತು ಮುಗಿಯುವ ಮುಂಚೆ ಪೈಪಿನ ಜೋಡಣೆಯಿಂದ ಎಣ್ಣೆ ಸೇಠನ ಕಣ್ಣೆದುರೇ ತೊಟ್ಟಿಕ್ಕಿತು. ಮತ್ತೆ ತೊಟ್ಟಿಕ್ಕಿತು. ಇದು ಯಾವಾಗಿನಿಂದ ಎಂದು ಸೇಠ್ ಕೇಳಿದ.

"ಮೇಡಂ ಫಿಸಲ್ ಜಾತೀ ತೋ?" ಎಂದ ಸೇಠ್. "ಅಭೀ ಠೀಕ್ ಕರಾವೋ."

ಮೇಡಂ ಜಾರಿದ್ದರೆ? ಈಗಲೇ ಸರಿಮಾಡಿಸು. ಕಾಳವ್ವನಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು, ಆ ಮಾತು ಕಿವಿಗೆ ಸೀಸ ಹೊಯ್ದಂತಾಯಿತು. ಇದೇ ನೆಲದಲ್ಲಿ ಒಬ್ಬ ಬಿದ್ದು ಹಾಸಿಗೆ ಹಿಡಿದಿದ್ದಾನೆ, ಅವನ ಹೆಸರು ಅಲ್ಲಿ ಯಾರ ನಾಲಿಗೆಯ ಮೇಲೂ ಬರಲಿಲ್ಲ. ಅವಳು ಸೇಠನ ಕಡೆ ನೋಡಿ ಹಿಂದಿಯಲ್ಲೇ ಹೇಳಿದಳು, ಜಾರಿದವನು ಬಸವಕುಮಾರ, ಅವನ ಮನೆಗೆ ಸಾಹೇಬರು ಒಂದು ಫೋನ್ ಮಾಡಲಿ, ನಾನು ಒರೆಸುತ್ತೇನೆ. ಸೇಠ್ ಲೀಲಾಧರನ ಕಡೆ ಕೈಬೀಸಿದ, ಬೇಗ ಮುಗಿಸು ಎಂಬಂತೆ.

ಲೀಲಾಧರ ಎಲ್ಲರ ಮುಂದೆ ಮೊಬೈಲ್ ಕಿವಿಗಿಟ್ಟ. "ಹಲೋ, ವೈಶಾಲಿಯವರಾ? ನಾನು ಫ್ಯಾಕ್ಟರಿಯಿಂದ ಲೀಲಾಧರ. ಆ ಎಣ್ಣೆ ಉಂಟಲ್ಲ, ಅದು ಮೆಷಿನ್ನಿಂದ ಸೋರಿದ್ದು. ಕಾಳವ್ವನದ್ದು ಎಂತದೂ ತಪ್ಪಿಲ್ಲ. ಹಾಂ. ಅಷ್ಟೇ."

ಕಾಳವ್ವ ಎದ್ದು ಹೊಟ್ಟು ಸುರಿದಳು. ಕಾದಳು, ಬಳಿದಳು, ಡ್ರಮ್ಮಿಗೆ ತುಂಬಿ ಮುಚ್ಚಳ ಹಾಕಿದಳು, ಉಜ್ಜಿ ಒಣಗಿಸಿದಳು. ಅವಳ ಬೆನ್ನ ಹಿಂದೆಯೇ ಮೆಂಟೆನೆನ್ಸಿನವರು ಸ್ಟೋರಿಗೆ ಹೋಗಿ ಹೊಸ ಸೀಲ್ ತಂದರು. ಎಲ್ಲಿಂದಲೋ ತರಿಸಬೇಕಾದದ್ದೂ ಅಲ್ಲ, ಅದು ಸ್ಟೋರಿನಲ್ಲೇ ಬಿದ್ದಿತ್ತು. ಬೇರೆ ಮೆಷಿನ್ನುಗಳ ಆರತಿ ಮುಗಿಸಿ, ಜನ ಪೂರಿ ಶ್ರೀಖಂಡ ಉಂಡು ಕೈತೊಳೆಯುವಷ್ಟರಲ್ಲಿ ಪೈಪು ಜೋಡಿಸಿ ಆಗಿತ್ತು. ಆಮೇಲೆ ಪ್ರೆಸ್ಸಿನ ಪೂಜೆ ಸಾಂಗವಾಗಿ ನಡೆಯಿತು. ದೀಪಾವಳಿ ಕಳೆದ ಮೇಲೆ ಠೇಕೇದಾರ ಕಾಳವ್ವನನ್ನು ಶೆಡ್ಡಿನಿಂದ ತೆಗೆದು ಕಕ್ಕಸು ತೊಳೆಯುವುದಕ್ಕೆ ಹಾಕಿದ. ನಿಜ ಹೇಳಿಸಿದವಳಿಗೆ ಆ ಕಂಪನಿ ಕೊಟ್ಟ ಬೋನಸ್ಸು ಅದು.

ಆ ಖಂಡೇನವಮಿಯ ಸಂಜೆಯೇ ಅವಳು ಓಣಿಗೆ ಬಂದಾಗ ವೈಶಾಲಿ ಬಾಗಿಲಲ್ಲೇ ನಿಂತಿದ್ದಳು. ಕಣ್ಣು ಕೆಂಪಗಿತ್ತು.

"ಬಾ ಕಾಳಕ್ಕಾ. ಚಾ ಮಾಡೀನಿ. ನಾ ಹಂಗ ಅನಬಾರದಿತ್ತು."

"ಇರಲಿ ತಗೋ," ಎಂದು ಕಾಳವ್ವ ಒಳಗೆ ಹೋದಳು. ಬಸವಕುಮಾರ ಮಂಚದ ಮೇಲೆ ಮಲಗಿದ್ದ. ಗಡ್ಡ ಬೆಳೆದು ಮುಖ ಸಣ್ಣದಾಗಿತ್ತು. ಕಾಳವ್ವ ಅವನ ತಲೆಯ ಹತ್ತಿರ ಕೂತು ನಡೆದದ್ದನ್ನೆಲ್ಲ ಹೇಳಿದಳು. ಲೀಲಾಧರನ ರೇಷ್ಮೆ ಅಂಗಿಯ ಮಾತಿಗೆ ವೈಶಾಲಿ ನಕ್ಕಳು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ನಗು ಕೇಳಿ ಕಾಳವ್ವನ ಮನಸ್ಸು ಹಗುರಾಯಿತು.

ಬಸವಕುಮಾರ ನಗಲಿಲ್ಲ.

"ಸೀಲ್ ಎಲ್ಲಿಂದ ತಂದ್ರು ಅಕ್ಕಾ?"

"ಸ್ಟೋರಿನ್ಯಾಗ ಇತ್ತು ನೋಡು."

"ಹಾಕಾಕ ಭಾಳ ಹೊತ್ತು ಹಿಡೀತೇನ?"

"ಎಲ್ಲೀದು. ಮಂದಿ ಊಟಕ್ಕ ಕುಂತು ಏಳೂದ್ರಾಗ ಹಾಕಿ ಮುಗಿಸಿದ್ರು."

ಅವನು ಕಷ್ಟಪಟ್ಟು ಮುಖವನ್ನು ಗೋಡೆಯ ಕಡೆ ತಿರುಗಿಸಿದ.

"ಅಕ್ಕಾ, ನಿನ್ನ ತಪ್ಪು ಅಂತ ತಿಳ್ಕೊಂಡಾಗ ನಾ ಹ್ಯಾಂಗೋ ತಡ್ಕೊಂಡಿದ್ದೆ," ಎಂದ. "ಮನಷ್ಯಾ ಒಂದೊಂದ್ಸಲ ಮರೀತಾನ ಅಂತ ಸುಮ್ಮನಿದ್ದೆ. ಈಗ ಇದನ್ನ ಹ್ಯಾಂಗ ತಡ್ಕೊಳ್ಳಿ ನಾ?"

ವೈಶಾಲಿ ಚಹಾದ ಕಪ್ಪು ಹಿಡಿದು ನಿಂತೇ ಇದ್ದಳು. ಕಾಳವ್ವ ಅವನ ಹೆಗಲ ಮೇಲೆ ಕೈಯಿಟ್ಟಳು.